ಬಾನೆಟ್ಟಿಗೊಂದು ಊರುಗೋಲು

ಹಳೆಯ ವಸ್ತುಗಳನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳುಂಟು. ಮೊದಲನೆಯ ಪಂಗಡದವರು ಅವುಗಳನ್ನು ಮುಟ್ಟುವುದಿಲ್ಲ. ಎರಡನೆಯವರು ಮುಟ್ಟದೆ ಬಿಡುವುದಿಲ್ಲ. ಹಳಗನ್ನಡವನ್ನು ಕಲಿಸಿ ಹೊಟ್ಟೆ ಹೊರೆಯುವ ನಾನು ವೃತ್ತಿಧರ್ಮದಿಂದ ಮೊದಲನೆಯ ಪಂಗಡಕ್ಕೆ ಸೇರಿದವನು. ಹೀಗಿದ್ದರೂ ಈ ಸಲದ ಬೇಸಿಗೆಯ ರಜೆಯಲ್ಲಿ ಪಾನಾ ಹಿಡಿದುಕೊಂಡು, ನಮ್ಮ ತಂದೆಯವರ ಅಂಬಾಸಿಡರ್ ಕಾರಿನ ಬಾನೆಟ್ಟಿನ ಕೆಳಗೆ ತಲೆ ತೂರಿಸಿ ನಿಲ್ಲಬೇಕಾದ ಪ್ರಸಂಗವೊದಗಿತು. ಅದರ ವೃತ್ತಾಂತವನ್ನೇ ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಅಂಬಾಸಿಡರ್ ಕಾರಿನ ಪರಿಚಯವನ್ನು ಯಾರಿಗೂ ಮಾಡಿಕೊಡಬೇಕಾಗಿಲ್ಲವೆಂದು ನಾನು ತಿಳಿದಿದ್ದೆ. ಆದರೆ ತರಗತಿಯಲ್ಲೊಮ್ಮೆ ಕೇಳಿ ನೋಡಿದಾಗ, ಅರುವತ್ತು ಮಂದಿಯಲ್ಲಿ ಅದರೊಳಗೆ ಕುಳಿತವರು ಇಬ್ಬರೇ ಸಿಕ್ಕಿದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿದ್ದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಈ ವಾಹನ 2014ರವರೆಗೆ ತಯಾರಾಗುತ್ತಲೇ ಇತ್ತು. ಅಷ್ಟು ದೀರ್ಘಕಾಲದಲ್ಲಿ ಮುಖದ ಅಲಂಕಾರ ಆಗಾಗ ಬದಲಾಯಿತೇ ಹೊರತು ಮೈಕಟ್ಟು ಹೆಚ್ಚಾಗಿ ಬದಲಾಗಲಿಲ್ಲ. ಮಂತ್ರಿಗಳನ್ನು ಹೊತ್ತ ಗಾಡಿಯೇ ಮದುವಣಗಿತ್ತಿಯನ್ನೂ ಹೊತ್ತಿತು. ಅದೇ ಗಾಡಿ ಬಾಡಿಗೆಗೂ ನಿಂತಿತು.

ನಮ್ಮದು ಬಾಡಿಗೆಗೆ ನಿಂತ ಗಾಡಿ. ತಂದೆಯವರು 1986ರಲ್ಲಿ ಕೊಂಡ ಮಾರ್ಕ್ 4 ಡೀಸೆಲ್ ಕಾರು ಅದು. ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅದು ಖಾನಾಪುರಕ್ಕೂ ಬೆಳಗಾವಿಗೂ ನಡುವೆ ಓಡಾಡಿತು. ದಾರಿ ಇಪ್ಪತ್ತೈದು ಕಿಲೋಮೀಟರಿಗಿಂತ ತುಸು ಹೆಚ್ಚು. ಆದರೆ ಆಷಾಢದ ಮಳೆಯಲ್ಲಿ ಆ ಇಪ್ಪತ್ತೈದು ಕಿಲೋಮೀಟರು ಎಷ್ಟು ಉದ್ದವಾಗಬಲ್ಲದೆಂಬುದನ್ನು ಆ ಭಾಗದವರೇ ಬಲ್ಲರು. ಹೆರಿಗೆಯ ನೋವಿನ ಹೆಂಗಸರನ್ನೂ, ಪರೀಕ್ಷೆಗೆ ಹೊರಟ ಹುಡುಗರನ್ನೂ, ಡಿಕ್ಕಿಯಲ್ಲಿ ಹುಲ್ಲು ಹಾಸಿ ಜೋಡಿಸಿದ ಖಾನಾಪುರದ ಮಣ್ಣಿನ ಕುಂಡಗಳನ್ನೂ ಅದು ಹೊತ್ತು ತಂದಿದೆ. ನನ್ನ ಎಂ. ಎ. ಪದವಿಯ ಶುಲ್ಕವನ್ನು ಕೊಟ್ಟದ್ದೂ ಅದರ ಚಕ್ರಗಳೇ. ಬಾಡಿಗೆಯ ಓಟ ನಿಂತ ಮೇಲೆ ಅದು ಖಾನಾಪುರದ ನಮ್ಮ ಮನೆಯ ಪಕ್ಕದ ಹಂಚಿನ ಮಾಡಿನಡಿಯಲ್ಲಿ ವಿಶ್ರಾಂತಿ ಪಡೆಯುತ್ತಿತ್ತು.

ಗಾಡಿ ವಿಶ್ರಾಂತಿ ಪಡೆದರೂ ತಂದೆಯವರಿಗೆ ವಿಶ್ರಾಂತಿಯಿರಲಿಲ್ಲ. ದಿನವೂ ಬೆಳಗಿನ ಚಹವಾದ ಕೂಡಲೆ ಬಾನೆಟ್ಟನ್ನೆತ್ತಿ ರೇಡಿಯೇಟರಿನ ನೀರು ನೋಡಬೇಕು. ಎಣ್ಣೆಯ ಅಳತೆಗಡ್ಡಿಯನ್ನು ಹೊರಗೆಳೆದು ಹಳೆಯ ಬನಿಯನ್ನಿನ ಚೂರಿನಿಂದೊರಸಿ ಮತ್ತೆ ಅದ್ದಿ ಪರೀಕ್ಷಿಸಬೇಕು. ಬ್ಯಾಟರಿಯ ತಂತಿಗಳನ್ನು ಮುಟ್ಟಿ ನೋಡಬೇಕು. ವಾರಕ್ಕೊಮ್ಮೆ ಇಂಜಿನ್ನನ್ನು ಚಾಲೂ ಮಾಡಿ ಮಲಪ್ರಭೆಯ ಸೇತುವೆಯವರೆಗೆ ಹೋಗಿ ಬರಬೇಕು. ಎಪ್ಪತ್ತು ದಾಟಿದ ಅವರಿಗೆ ಇದು ಪೂಜೆಯಷ್ಟೇ ನಿಯತವಾದ ಕೆಲಸವಾಗಿತ್ತು.

ಕಳೆದ ಮಳೆಗಾಲದಲ್ಲಿ ಒಮ್ಮೆ ಊರಿಗೆ ಹೋದಾಗ ಅವರ ಬಲಗೈಯ ಎರಡು ಬೆರಳುಗಳಿಗೆ ಬಟ್ಟೆ ಸುತ್ತಿದ್ದುದನ್ನು ಕಂಡೆ. ಕೇಳಿದ್ದಕ್ಕೆ, "ಬಾಗಲಾ ತಾಗಿತ್ತು" ಎಂದು ಮಾತು ಮುಗಿಸಿದರು. ದೀಪಾವಳಿಯ ಹೊತ್ತಿಗೆ ಬಟ್ಟೆ ಹೋಗಿತ್ತು. ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಗಾಡಿಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು ಕೂತಿತ್ತು. ರಾತ್ರಿ ಊಟಕ್ಕೆ ಕೂತಾಗ ತಂದೆಯವರು, ನನ್ನ ಮುಖ ನೋಡದೆ, "ಗಾಡಿ ಮಾರಿಬಿಡೋಣಪಾ. ಇನ್ನ ಸಾಕು. ಕಬ್ಬಣದ ಲೆಕ್ಕಕ್ಕರ ಹೋಗಲಿ" ಎಂದರು.

ಅವರು ಮಲಗಿದ ಮೇಲೆ ಅವ್ವ ನಿಜ ಸಂಗತಿಯನ್ನು ಹೇಳಿದಳು: "ಬಾಗಲಾ ಅಲ್ಲೋ ತಮ್ಮಾ. ಗಾಡೀ ಮುಚ್ಚಳಾನ ಕೈಮ್ಯಾಲೆ ಬಿದ್ದೈತಿ. ನಿನ್ನ ಮುಂದ ಹೇಳಬ್ಯಾಡ ಅಂದಾರ."

ಮರುದಿನ ನಾನೇ ಬಾನೆಟ್ಟನ್ನೆತ್ತಿ ನೋಡಿದೆ. ನಮ್ಮ ಗಾಡಿಯಲ್ಲಿ ಅದನ್ನು ಎತ್ತಿ ಹಿಡಿಯುವುದಕ್ಕೆ ಒಂದು ಕಬ್ಬಿಣದ ಸರಳಿದೆ. ಒಂದು ಕೈಯಲ್ಲಿ ಬಾನೆಟ್ಟನ್ನೆತ್ತಿ ಹಿಡಿದು, ಇನ್ನೊಂದು ಕೈಯಿಂದ ಸರಳನ್ನು ಬಿಡಿಸಿ, ಅದರ ತುದಿಯ ಕೊಕ್ಕೆಯನ್ನು ತಗಡಿನ ಕಂಡಿಯೊಂದರಲ್ಲಿ ಸಿಕ್ಕಿಸಬೇಕು. ಸುಮಾರು ನಲವತ್ತು ವರ್ಷಗಳ ತಿಕ್ಕಾಟದಿಂದ ಆ ಕಂಡಿ ಸವೆದು ಅಗಲವಾಗಿತ್ತು. ಘಟ್ಟದ ಕಡೆಯಿಂದ ಬೀಸಿದ ಗಾಳಿ ಅಗಲವಾದ ಆ ಮುಚ್ಚಳವನ್ನು ಹಾಯಿಯಂತೆ ಮೇಲಕ್ಕೆತ್ತಿದೊಡನೆ ಕೊಕ್ಕೆ ಜಾರಿತ್ತು. ಗಾಳಿ ತಗ್ಗಿದೊಡನೆ ಮುಚ್ಚಳ ಕೆಳಗಿಳಿದಿತ್ತು. ಗಾಯ ಮಾಗಿದ ಮೇಲೂ ತಂದೆಯವರು ಗಾಡಿಯ ಹತ್ತಿರ ಏಕೆ ಹೋಗುತ್ತಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು. ಎತ್ತುವುದಕ್ಕೆ ಒಂದು ಕೈ, ಸರಳಿಗೆ ಇನ್ನೊಂದು ಕೈ ಬೇಕು. ಅವರ ಬಳಿ ಉಳಿದಿದ್ದುದು ಒಂದೂವರೆ ಕೈ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಗಾಡಿಯನ್ನು ಮಾರುವುದೇ ಅವರಿಗೆ ಸುಲಭವಾಗಿ ಕಂಡಿತ್ತು.

ಬೆಳಗಾವಿಗೆ ಮರಳಿದ ಮೇಲೆ ಕಾಲೇಜಿನ ಅಂಗಳದಲ್ಲಿ ಸಹೋದ್ಯೋಗಿಯೊಬ್ಬರ ಚಿಕ್ಕ ಕಾರಿನ ಹಿಂಬಾಗಿಲು ತಾನಾಗಿಯೇ ಮೆಲ್ಲನೆ ಮೇಲೇರಿ ನಿಂತುದನ್ನು ಕಂಡೆ. ದಿನವೂ ಕಾಣುತ್ತಿದ್ದ ನೋಟವೇ ಅದು; ಆದರೆ ಆ ದಿನ ಮೊದಲ ಬಾರಿಗೆ ನೋಡಿದೆ. ಅದರ ಎರಡು ಪಕ್ಕಗಳಲ್ಲಿದ್ದ ಕಪ್ಪು ಕೊಳವೆಗಳಿಗೆ ಗ್ಯಾಸ್ ಸ್ಟ್ರಟ್ ಎಂದು ಹೆಸರು. ಗ್ಯಾರೇಜಿನವರು ಡಿಕ್ಕಿ ಶಾಕ್ ಎನ್ನುತ್ತಾರೆ. ಅದರ ಮರ್ಮವನ್ನು ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಸ್ಟಾಫ್ ರೂಮಿನಲ್ಲಿ ಚಹ ಕುಡಿಯುತ್ತ ನನಗೆ ಬಿಡಿಸಿ ಹೇಳಿದರು.

ಅದೊಂದು ಉಕ್ಕಿನ ಕೊಳವೆ. ಅದರೊಳಗೆ ನೈಟ್ರೋಜನ್ ಅನಿಲವನ್ನೂ ಸ್ವಲ್ಪ ಎಣ್ಣೆಯನ್ನೂ ತುಂಬಿ ಬಾಯಿ ಮುಚ್ಚಿರುತ್ತಾರೆ. ಒಳಗೊಂದು ಪಿಸ್ಟನ್, ಅದಕ್ಕೆ ಜೋಡಿಸಿದ ನುಣುಪಾದ ದಂಡ ಹೊರಕ್ಕೆ ಚಾಚಿಕೊಂಡಿರುತ್ತದೆ. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರವಿರುವುದರಿಂದ ಅನಿಲ ಎರಡು ಬದಿಗೂ ಹರಿದು ಎರಡು ಕಡೆಯಲ್ಲಿಯೂ ಒತ್ತಡ ಸಮನಾಗಿರುತ್ತದೆ. ಒತ್ತಡ ಸಮನಾದರೆ ದಂಡ ಹೊರಕ್ಕೇಕೆ ಬರಬೇಕು? ಪಿಸ್ಟನ್ನಿನ ಒಂದು ಮುಖದಲ್ಲಿ ಮಧ್ಯದ ಸ್ವಲ್ಪ ಜಾಗವನ್ನು ದಂಡವೇ ಆಕ್ರಮಿಸಿಕೊಂಡಿದೆ. ಅಷ್ಟು ಜಾಗದ ಮೇಲೆ ಅನಿಲಕ್ಕೆ ಒತ್ತುವ ಅವಕಾಶವಿಲ್ಲ. ಇನ್ನೊಂದು ಮುಖದಲ್ಲಿ ಅಂತಹ ಅಡ್ಡಿಯಿಲ್ಲ. ಆದುದರಿಂದ ದಂಡದ ದಪ್ಪವೆಷ್ಟೋ ಅಷ್ಟು ಜಾಗದ ಮೇಲಿನ ಒತ್ತಡ ಮಿಕ್ಕು ಉಳಿದು ದಂಡವನ್ನು ಹೊರದೂಡುತ್ತದೆ. 8 ಮಿಲಿಮೀಟರ್ ದಪ್ಪದ ದಂಡದ ಅಡ್ಡಕೊಯ್ತ ಸುಮಾರು ಅರ್ಧ ಚದರ ಸೆಂಟಿಮೀಟರು. ಅದು 20 ಕಿಲೋ ಭಾರವನ್ನು ತಳ್ಳಬೇಕಾದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋ ಇರಬೇಕು. ಕಾರಿನ ಟಯರಿನಲ್ಲಿರುವುದು ಸುಮಾರು 2 ಕಿಲೋ. ಇದರಿಂದಲೇ ಈ ಕೊಳವೆಯನ್ನು ಕೊಯ್ಯುವುದಾಗಲಿ, ತೂತು ಮಾಡುವುದಾಗಲಿ, ಬೆಂಕಿಗೆ ಹಾಕುವುದಾಗಲಿ ಪ್ರಾಣಕ್ಕೇ ಅಪಾಯವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಜರ್ಮನಿಯ ಕೊಬ್ಲೆಂಜ್ ನಗರದ ಸ್ಟಾಬಿಲುಸ್ ಸಂಸ್ಥೆ 1962ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತಂತೆ. ನಮ್ಮ ಅಂಬಾಸಿಡರಿನ ರೂಪರೇಖೆ ಅದಕ್ಕಿಂತ ಮೊದಲಿನದು. ಸರಳನ್ನು ನಂಬಿದ್ದು ಅದರ ತಪ್ಪಲ್ಲ.

ಇಷ್ಟು ತಿಳಿದೊಡನೆ ನಾನು ಪಂಡಿತನಾದೆ. ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಯಾವುದೋ ಕಾರಿನ ಹಿಂಬಾಗಿಲಿನಿಂದ ಕಳಚಿದ ಜೋಡಿಯೊಂದನ್ನು ಕೊಂಡೆ. ಮೈಮೇಲೆ 400 ನ್ಯೂಟನ್ ಎಂದು ಮುದ್ರಿಸಿತ್ತು. 10 ನ್ಯೂಟನ್ನೆಂದರೆ ಹೆಚ್ಚು ಕಡಿಮೆ 1 ಕಿಲೋ ಭಾರ. ಅಂದರೆ ಒಂದೊಂದಕ್ಕೆ 40 ಕಿಲೋ ಬಲ. ಬಲ ಹೆಚ್ಚಾದಷ್ಟೂ ಒಳ್ಳೆಯದೆಂಬುದು ನನ್ನ ಸಿದ್ಧಾಂತ. ಒಂದು ಭಾನುವಾರ ಖಾನಾಪುರಕ್ಕೆ ಹೋಗಿ, ತಂದೆಯವರು ಸಂತೆಗೆ ಹೋದ ಸಮಯ ನೋಡಿ, ಪರಿಚಿತ ಹುಡುಗನೊಬ್ಬನ ಸಹಾಯದಿಂದ ಅವನ್ನು ತಂತಿ ಹಾಗೂ ಪಟ್ಟಿಗಳಿಂದ ತಾತ್ಕಾಲಿಕವಾಗಿ ಬಿಗಿದೆ. ಬಾನೆಟ್ಟು ಚಿಗರೆಯಂತೆ ನೆಗೆದು ನಿಂತಿತು. ನನ್ನ ಹರ್ಷಕ್ಕೆ ಮಿತಿಯಿರಲಿಲ್ಲ. ಆದರೆ ಮುಚ್ಚಲು ಹೋದರೆ ಅದು ಒಪ್ಪದು. ಇಬ್ಬರೂ ಸೇರಿ ಮುಂದಿನ ಅಂಚನ್ನು ಒತ್ತಿದೆವು. ಮುಂದೆ ನಾವು ಕೆಳಕ್ಕೆ ಒತ್ತುತ್ತಿದ್ದೇವೆ. ಹಿಂದೆ ಬಿಜಾಗರಿಯ ಬಳಿ ಸ್ಟ್ರಟ್ಟು ಮೇಲಕ್ಕೆ ದೂಡುತ್ತಿದೆ. ನಡುವಿನ ತಗಡಿನ ಗತಿಯೇನು? 'ಟಿಕ್' ಎಂಬ ಸದ್ದಾಯಿತು. ಬಿಜಾಗರಿಯ ಹತ್ತಿರ ತಗಡು ಕೂದಲೆಳೆಯಷ್ಟು ಬಾಗಿ ಬಣ್ಣದಲ್ಲಿ ಬಿರುಕು ಕಾಣಿಸಿತು.

ತಂದೆಯವರು ಬಂದು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಿರುಕಿನ ಮೇಲೆ ಹೆಬ್ಬೆರಳನ್ನಾಡಿಸಿ, "ನಲವತ್ತು ವರ್ಷದಾಗ ನನ್ನ ಕೈಯಾಗ ಹಿಂಗ ಆಗಿರಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ರಾತ್ರಿ ಬೆಳಗಾವಿಗೆ ಹಿಂದಿರುಗುವ ಬಸ್ಸಿನಲ್ಲಿ ನನಗೆ ನೆನಪಾದುದು ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'. ಓಲೆಯ ಪ್ರತಿಯಲ್ಲಿ ತಪ್ಪಿದೆಯೆಂದು ತೋರಿದರೆ ಸಂಪಾದಕನು ಓಲೆಯನ್ನು ಕೆರೆದು ತಿದ್ದುವುದಿಲ್ಲ. ತನ್ನ ಊಹೆ ಎಷ್ಟೇ ಸಮಂಜಸವಾಗಿರಲಿ, ಮೊದಲಿನ ಪಾಠವೂ ಓದುಗನಿಗೆ ಸಿಗುವಂತೆ ಅಡಿಯಲ್ಲಿ ಕೊಡುತ್ತಾನೆ. ನಾಳೆ ಬರುವವನು ತನಗಿಂತ ಬುದ್ಧಿವಂತನಾಗಿರಬಹುದೆಂಬ ವಿನಯ ಆ ಶಾಸ್ತ್ರದ ಮೂಲ. ಇದನ್ನು ಹತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು, ತಂದೆಯ ಗಾಡಿಯ ವಿಷಯದಲ್ಲಿ ಮಾತ್ರ ಪ್ರತಿಯನ್ನು ಓದುವ ಮೊದಲೇ ತಿದ್ದಲು ಹೊರಟಿದ್ದೆ.

ಬೇಸಿಗೆಯ ರಜೆ ಬಂತು. ಈ ಬಾರಿ ಮೊದಲು ಓದಬೇಕೆಂದು ನಿಶ್ಚಯಿಸಿ ಉದ್ಯಮಬಾಗಕ್ಕೆ ಹೋದೆ. ಖಾನಾಪುರದ ಹೆದ್ದಾರಿಗೆ ಹೊಂದಿಕೊಂಡ ಈ ಬಡಾವಣೆಯೂ, ಅದರ ಮುಂದಿನ ಮಚ್ಛೆಯೂ ಬೆಳಗಾವಿಯ ಲೋಹವಿದ್ಯೆಯ ತವರು. ಎರಕದ ಮನೆಗಳು, ಲೇತ್ ಯಂತ್ರಗಳು, ಹೈಡ್ರಾಲಿಕ್ ಉಪಕರಣಗಳನ್ನು ಮಾಡುವ ಕಾರ್ಖಾನೆಗಳು ಇಲ್ಲಿ ಸಾಲುಗಟ್ಟಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇದೇ ರಸ್ತೆಯ ಮೇಲಿದೆ. ನನ್ನ ಗುರು ದೊರಕಿದ್ದು ಮಾತ್ರ ಒಂದು ಚಿಕ್ಕ ಲೇತಿನ ಶೆಡ್ಡಿನಲ್ಲಿ. ನನ್ನ ಕಥೆಯನ್ನೆಲ್ಲ ಕೇಳಿದ ಆ ಹಿರಿಯ ಕುಶಲಕರ್ಮಿ, ತುಟಿಯ ಮೂಲೆಯಲ್ಲಿ ನಗುತ್ತ, "ಮಾಸ್ತರ, ಮುಚ್ಚಳದ ಭಾರ ಎಷ್ಟೈತಿ ನೋಡೀರೇನ್ರಿ? ನಾಡಿ ನೋಡದ ಔಷಧ ಕೊಟ್ರ ಹೆಂಗ್ರಿ?" ಎಂದರು.

ಅವರು ಹೇಳಿಕೊಟ್ಟ ನಾಡಿಪರೀಕ್ಷೆ ಬಹಳ ಸರಳವಾದುದು. ಬಾನೆಟ್ಟನ್ನು ಕಳಚಿ ತೂಗಬೇಕಾಗಿಲ್ಲ. ಅದರ ಮುಂದಿನ ಅಂಚಿಗೆ ಕೊಕ್ಕೆ ತಕ್ಕಡಿಯನ್ನು ಸಿಕ್ಕಿಸಿ ಮುಚ್ಚಳ ಸ್ವಲ್ಪ ಏಳುವಷ್ಟು ಎತ್ತಿದರೆ ಸಾಕು. ನಮ್ಮ ತಕ್ಕಡಿ 9 ಕಿಲೋ ತೋರಿಸಿತು. ಬಿಜಾಗರಿಯಿಂದ ಆ ಅಂಚಿಗೆ 100 ಸೆಂಟಿಮೀಟರು. ಎರಡನ್ನೂ ಗುಣಿಸಿದರೆ 900. ಇದು ಬಿಜಾಗರಿಯ ಸುತ್ತ ಮುಚ್ಚಳವನ್ನು ಕೆಳಕ್ಕೆ ತಿರುಗಿಸುವ ಭಾರ. ಮುಚ್ಚಳ ಮೇಲೆದ್ದಂತೆ ಈ ಭಾರ ಇಳಿಯುತ್ತದೆ. 45 ಡಿಗ್ರಿ ತೆರೆದು ನಿಂತಾಗ ಸುಮಾರು 640 ಮಾತ್ರ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಸ್ಟ್ರಟ್ಟಿನ ರೇಖೆ ಬಿಜಾಗರಿಯಿಂದ ನೇರಕ್ಕೆ 18 ಸೆಂಟಿಮೀಟರು ದೂರವಿರುವಂತೆ ಅವರು ಜಾಗ ಗುರುತಿಸಿದರು. 640ನ್ನು 18ರಿಂದ ಭಾಗಿಸಿದರೆ ಎರಡು ಸ್ಟ್ರಟ್ಟುಗಳು ಸೇರಿ ಹೊರಬೇಕಾದುದು ಸುಮಾರು 36 ಕಿಲೋ, ಒಂದೊಂದಕ್ಕೆ 18. ಗಾಳಿಗೂ ಮುಪ್ಪಿಗೂ ಸ್ವಲ್ಪ ಸೇರಿಸಿ 20 ಕಿಲೋ, ಅಂದರೆ 200 ನ್ಯೂಟನ್. ನಾನು ತಂದಿದ್ದುದು ಇದರ ಇಮ್ಮಡಿ!

ಮುಚ್ಚಿದಾಗಿನ ಲೆಕ್ಕವನ್ನೂ ನೋಡಬೇಕಂತೆ. ಆಗ ಸ್ಟ್ರಟ್ಟು ಬಹುಮಟ್ಟಿಗೆ ಮಲಗಿರುವುದರಿಂದ ಅದರ ರೇಖೆ ಬಿಜಾಗರಿಗೆ 4 ಸೆಂಟಿಮೀಟರಿನಷ್ಟು ಸಮೀಪವಾಗುತ್ತದೆ. ಎರಡರ 40 ಕಿಲೋ ಬಲ 160ರಷ್ಟು ಮಾತ್ರ ಕೆಲಸ ಮಾಡುತ್ತದೆ. 900ರ ಮುಂದೆ ಅದೆಷ್ಟು? ಮುಚ್ಚಳ ತನ್ನ ಭಾರದಿಂದಲೇ ಭದ್ರವಾಗಿ ಕೂಡುತ್ತದೆ. ಎತ್ತುವಾಗ ಆರಂಭದಲ್ಲಿ ಮನುಷ್ಯನೇ ಕೈಹಾಕಬೇಕು; ಮೇಲೇರಿದಂತೆ ಹಗುರವಾಗುತ್ತ ಹೋಗಿ, ತುದಿ ಮುಟ್ಟುವ ಮೊದಲೇ ಸ್ಟ್ರಟ್ಟು ಭಾರವನ್ನು ತಾನು ವಹಿಸಿಕೊಳ್ಳುತ್ತದೆ.

ಇನ್ನೆರಡು ಸೂಕ್ಷ್ಮಗಳನ್ನು ಅವರಿಂದ ಕಲಿತೆ. ಮುಚ್ಚಿದ ಸ್ಥಿತಿಯಲ್ಲಿ ದಂಡ ಕೆಳಮುಖವಾಗಿ, ಕೊಳವೆ ಮೇಲಿರುವಂತೆ ಕೂಡಿಸಬೇಕು. ಆಗ ಒಳಗಿನ ಎಣ್ಣೆ ದಂಡದ ಬಾಯಿಯಲ್ಲಿರುವ ರಬ್ಬರಿನ ಮುದ್ರೆಯನ್ನು ಒಣಗಗೊಡದೆ ಅನಿಲ ಸೋರದಂತೆ ಕಾಯುತ್ತದೆ. ಹವೆಯನ್ನೂ ಗಮನದಲ್ಲಿಡಬೇಕು, ಪ್ರತಿ 10 ಡಿಗ್ರಿಯ ಏರಿಳಿತಕ್ಕೆ ಬಲದಲ್ಲಿ ನೂರಕ್ಕೆ ಮೂರು ನಾಲ್ಕರಷ್ಟು ವ್ಯತ್ಯಾಸವಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸರಿಯಾಗಿ ನಿಂತ ಮುಚ್ಚಳ ಖಾನಾಪುರದ ಪುಷ್ಯಮಾಸದ ನಸುಕಿನಲ್ಲಿಯೂ ನಿಲ್ಲಬೇಕಲ್ಲವೆ?

ಉಳಿದುದು ತೂತಿನ ಪ್ರಶ್ನೆ. ತಗಡಿಗೆ ನಾಲ್ಕು ತೂತು ಹೊಡೆದರೆ ಅರ್ಧ ಗಂಟೆಯ ಕೆಲಸ. ನಾನು ಒಲ್ಲೆನೆಂದೆ. ಬಾನೆಟ್ಟಿನ ಬಿಜಾಗರಿಗೂ, ಎರಡು ಪಕ್ಕದ ಮಡ್‌ಗಾರ್ಡುಗಳಿಗೂ ಕಾರ್ಖಾನೆಯವರೇ ಹಾಕಿದ ಬೋಲ್ಟುಗಳಿವೆ. 3 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಆ ಬೋಲ್ಟುಗಳ ಅಡಿಗೇ ಸಿಕ್ಕುವಂತೆ ಕೊಯ್ದು ಬಾಗಿಸಿ, ತುದಿಯಲ್ಲಿ ಸ್ಟ್ರಟ್ಟಿನ ಗುಂಡು ಮೊಳೆಯನ್ನು ಕೂಡಿಸಿದರೆ ಗಾಡಿಯ ಮೈಗೆ ಒಂದು ಗೀರೂ ಬೀಳದು. ಮೇಲಿನ ಪಟ್ಟಿ ಒಂದು ಗೇಣಿಗಿಂತ ತುಸು ಉದ್ದವಾಗಿ ಬಾನೆಟ್ಟಿನ ಒಳಪಕ್ಕೆಲುಬಿನ ಗುಂಟ ಚಾಚಿದ್ದರಿಂದ ಬಲ ಒಂದೇ ಕಡೆ ಬೀಳದೆ ಹರಡಿತು. ಹಲಗೆಯ ಚೂರಿನಿಂದ ಮೊದಲು ಮಾದರಿ ಮಾಡಿ, ಎರಡು ಸಲ ಖಾನಾಪುರಕ್ಕೆ ಹೋಗಿ ಅಳತೆ ನೋಡಿ ಬಂದು, ಅನಂತರ ಪಟ್ಟಿಗಳನ್ನು ಕೊಯ್ಸಿದೆವು. ಒಂದು ವಾರ ಹಿಡಿಯಿತು. ಬಿರುಕುಬಿಟ್ಟ ಬಣ್ಣವನ್ನು ಬೇರೊಬ್ಬರು ತಿದ್ದಿಕೊಟ್ಟರು. ಆದರೂ ಬೆಳಕಿಗೆ ಓರೆಯಾಗಿ ನೋಡಿದರೆ ನನ್ನ ಪಾಂಡಿತ್ಯದ ಗುರುತು ಇಂದಿಗೂ ಕಾಣುತ್ತದೆ.

ಕೂಡಿಸುವ ದಿನ ತಂದೆಯವರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಒಂದು ಗಂಟೆಯಲ್ಲಿ ಒಂದು ಪುಟವನ್ನೂ ತಿರುಗಿಸಲಿಲ್ಲ. "ತೂತು ಹೊಡೀತೀಯೇನ?" ಎಂದು ಒಂದೇ ಸಲ ಕೇಳಿದರು. "ಇಲ್ಲಪ್ಪಾ. ನಿನ್ನ ಬೋಲ್ಟಿಗೇ ಕುಂಡ್ರಸೇನಿ. ಬ್ಯಾಡಾದ್ರ ನಾಳೆ ಬಿಚ್ಚಿ ಒಗದ್ರ ಗಾಡಿ ಮೊದಲಿನಂಗ" ಎಂದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ, ಪತ್ರಿಕೆಯನ್ನು ಮಡಚಿಟ್ಟರು.

ಕೊನೆಯ ನಟ್ಟನ್ನು ಬಿಗಿದು, ಕೈಯೊರಸಿಕೊಂಡು, ನಾನು ಬೇಕೆಂದೇ ಬಾವಿಯ ಕಡೆಗೆ ಹೋದೆ. ಮರೆಯಿಂದ ನೋಡುತ್ತಿದ್ದೆನೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ತಂದೆಯವರು ಎದ್ದು ಬಂದರು. ಎಡಗೈಯಿಂದ ಕೊಕ್ಕೆಯನ್ನು ಬಿಡಿಸಿ, ಎರಡು ಅಂಗೈಗಳನ್ನೂ ಅಂಚಿನಡಿ ಕೊಟ್ಟು ಮೆಲ್ಲನೆ ಎತ್ತಿದರು. ಬೆರಳು ಮಡಚಬೇಕಾದ ಅವಶ್ಯಕತೆ ಬೀಳಲಿಲ್ಲ. ಅರ್ಧ ದಾರಿ ದಾಟಿದ ಮೇಲೆ ಮುಚ್ಚಳ ಅವರ ಕೈಗಿಂತ ತಾನೇ ಮುಂದಾಗಿ ಏರಿ ನಿಂತಿತು. ಅವರು ಕೈಗಳನ್ನು ಹಾಗೆಯೇ ಗಾಳಿಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದರು. ಅದು ಬೀಳಬಹುದೆಂಬ ಶಂಕೆಯಿತ್ತೇನೋ. ಬೀಳಲಿಲ್ಲ. ಆಮೇಲೆ ಎಣ್ಣೆಯ ಅಳತೆಗಡ್ಡಿಯನ್ನು ಹೊರಗೆಳೆದು ಸುತ್ತಮುತ್ತ ನೋಡಿ, "ಏ, ಒರಸೋ ಅರಬಿ ಎಲ್ಲಿ ಇಟ್ಟೀದಿ?" ಎಂದು ಅವ್ವನನ್ನು ಕೂಗಿದರು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಕೇಳದಿದ್ದ ಕೂಗು ಅದು.

ನಾನು ಹತ್ತಿರ ಬಂದು, ಇನ್ನು ಬೇಡವಾದ ಹಳೆಯ ಸರಳನ್ನು ಕಳಚಲು ಪಾನಾ ಹಾಕಿದೆ. ಅವರು ನನ್ನ ಕೈಯನ್ನು ತಡೆದರು.

"ಸಳಿ ತಗೀಬ್ಯಾಡ. ಕಂಡಿ ಸವದೈತಿ, ಅಲ್ಲೊಂದು ಗಟ್ಟಿ ತಗಡ ಹಾಕಸು. ಹೊಸಾದು ಹಿಡೀಲಿ, ಹಳೇದು ಕಾಯಲಿ."

ಉದ್ಯಮಬಾಗದ ನನ್ನ ಗುರುಗಳಿಗೆ ಇದನ್ನು ತಿಳಿಸಿದಾಗ ಅವರು ತಲೆದೂಗಿದರು. ಸ್ಟ್ರಟ್ಟಿನ ಅನಿಲ ವರ್ಷಗಳು ಕಳೆದಂತೆ ಸ್ವಲ್ಪಸ್ವಲ್ಪವಾಗಿ ಸೋರಿ ಬಲ ಕುಂದುವುದು ಸಹಜ. ಮುಚ್ಚಳದ ಕೆಳಗೆ ಬಹಳ ಹೊತ್ತು ತಲೆಯಿಟ್ಟು ಕೆಲಸ ಮಾಡುವವನು ಸರಳನ್ನೂ ಸಿಕ್ಕಿಸಿಕೊಳ್ಳುವುದೇ ವಿವೇಕವಂತೆ. ಹಾಗಾಗಿ ಇವತ್ತು ನಮ್ಮ ಗಾಡಿಯ ಬಾನೆಟ್ಟಿನಡಿ ಮೂರು ಊರುಗೋಲುಗಳಿವೆ.

ಗಾಡಿಯನ್ನು ಮಾರುವ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಿಲ್ಲ. ಕಳೆದ ಭಾನುವಾರ ದೂರವಾಣಿ ಮಾಡಿದಾಗ ಅವ್ವ, ತಂದೆಯವರು ಮಲಪ್ರಭೆಯ ಸೇತುವೆಯವರೆಗೆ ಗಾಡಿ ತೆಗೆದುಕೊಂಡು ಹೋಗಿದ್ದಾರೆಂದೂ, ಹೋಗಿ ಬಹಳ ಹೊತ್ತಾಯಿತೆಂದೂ, ದಾರಿಯಲ್ಲಿ ಯಾರಿಗೋ ಬಾನೆಟ್ಟು ಎತ್ತಿ ತೋರಿಸುತ್ತಿರಬೇಕೆಂದೂ ಹೇಳಿದಳು.